ಸ್ಕ್ರೀನ್ ಮೇಲೆ ಚೆಸ್: ಕಾಯಿ ನಡೆಸುವುದರಿಂದ ಸ್ವಂತ ತಪ್ಪು ಹಿಡಿಯುವವರೆಗೆ

ವಿಂಡೋಸ್ 7ರ ಜೊತೆ ಚೆಸ್ ಟೈಟನ್ಸ್ ಅಂತ ಒಂದು ಆಟ ಬರುತ್ತಿತ್ತು. ನಾನು ಕಂಪ್ಯೂಟರ್ ಎದುರು ಚೆಸ್ ಆಡಲು ಶುರು ಮಾಡಿದ್ದು ಅದರಲ್ಲೇ. ಅದರಲ್ಲಿ 1ರಿಂದ 10ರವರೆಗೆ ಮಟ್ಟಗಳಿದ್ದವು. ಕೆಲವೇ ತಿಂಗಳಲ್ಲಿ ನಾನು 6ನೇ ಮಟ್ಟ ಗೆದ್ದೆ. ಗೆದ್ದ ಗುಟ್ಟು ಇಷ್ಟೇ: ಕುದುರೆ ಹೋದರೆ ಕಂಟ್ರೋಲ್ ಝಡ್, ಒಂಟೆ ಹೋದರೆ ಇನ್ನೊಮ್ಮೆ ಕಂಟ್ರೋಲ್ ಝಡ್. ಆಮೇಲೆ ಒಂದು ದಿನ ಮರದ ಮಣೆ ಇಟ್ಟುಕೊಂಡು ಮನುಷ್ಯರ ಎದುರು ಕೂತೆ. ಹದಿನೈದು ನಡೆಯೊಳಗೆ ನನ್ನ ಮಂತ್ರಿ ಹೋಯಿತು. ಹಿಂದಕ್ಕೆ ಹೋಗಲು ಅಲ್ಲಿ ಯಾವ ಬಟನ್ನೂ ಇರಲಿಲ್ಲ.

ಕಂಪ್ಯೂಟರ್‌ನಲ್ಲಿ ಚೆಸ್ ಕಲಿಯುವವರಿಗೆ ಇರುವ ಅನುಕೂಲವೂ ತೊಂದರೆಯೂ ಒಂದೇ. ಉತ್ತರ ಬೇಕೆಂದ ಕೂಡಲೇ ಸಿಗುತ್ತದೆ. ಹಾಗಾಗಿ ಅದು ಬಾಯಿ ಬಿಡುವ ಮೊದಲು ನಮ್ಮ ತಲೆ ಸ್ವಲ್ಪ ಓಡಿರಬೇಕು. ಕೆಳಗಿನ ಹಂತಗಳೆಲ್ಲ ಇದೊಂದನ್ನು ಸಾಧಿಸುವ ದಾರಿಗಳು.

ಮೊದಲು ಜಾಗ ಆರಿಸಿ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್ 2010ರಲ್ಲಿ ಶುರುವಾದದ್ದು. ಪೂರ್ತಿ ಉಚಿತ, ಜಾಹೀರಾತಿಲ್ಲ, ದೇಣಿಗೆಯಿಂದ ನಡೆಯುತ್ತದೆ. ಚೆಸ್ ಡಾಟ್ ಕಾಮ್ 2007ರಿಂದ ಇದೆ. ಪಾಠ, ವಿಡಿಯೋ, ಬೇರೆ ಬೇರೆ ಮುಖದ ಬಾಟ್‌ಗಳು (ಕಂಪ್ಯೂಟರೇ ಆಡುವ ಎದುರಾಳಿಗಳು) ಅಲ್ಲಿ ಹೆಚ್ಚು. ಆದರೆ ದುಡ್ಡು ಕೊಡದವರಿಗೆ ಪಜಲ್‌ಗೂ (ಒಳ್ಳೆಯ ನಡೆ ಹುಡುಕುವ ಒಗಟು) ಆಟದ ವಿಮರ್ಶೆಗೂ ಮಿತಿ ಇದೆ. ಇಂಟರ್ನೆಟ್ ಇಲ್ಲದೆ ಆಡಬೇಕೆಂದರೆ ವಿಂಡೋಸ್ ಕಂಪ್ಯೂಟರಿಗೆ ಲ್ಯೂಕಸ್ ಚೆಸ್ ಇದೆ, ಅದೂ ಉಚಿತ. ನಾನು ಈ ಲೇಖನದಲ್ಲಿ ಜಾಸ್ತಿ ಹೇಳುವುದು ಲಿಚೆಸ್ ಬಗ್ಗೆ, ಯಾಕೆಂದರೆ ದಿನಾ ಬಳಸುವುದು ಅದನ್ನೇ. ನೀವು ಯಾವುದನ್ನಾದರೂ ಹಿಡಿಯಿರಿ, ಆದರೆ ಮೂರು ತಿಂಗಳು ಬದಲಾಯಿಸಬೇಡಿ.

ನಿಯಮ: ಅರ್ಧ ಗಂಟೆಯ ಕೆಲಸ, ಮೂರು ಕಡೆ ಮಾತ್ರ ನಿಧಾನ

ಕಾಯಿಗಳ ಹೆಸರು ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ನಾನಿಲ್ಲಿ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಅನ್ನುತ್ತೇನೆ. ನಿಮ್ಮ ಮನೆಯಲ್ಲಿ ಮಂತ್ರಿಯನ್ನು ರಾಣಿ ಅಂತಲೋ ಕಾಲಾಳನ್ನು ಸೈನಿಕ ಅಂತಲೋ ಕರೆದರೆ ಹಾಗೇ ಓದಿಕೊಳ್ಳಿ. ಆನೆ ನೇರ ಹೋಗುತ್ತದೆ, ಒಂಟೆ ಓರೆ ಹೋಗುತ್ತದೆ.

ಲಿಚೆಸ್‌ನ 'ಲರ್ನ್' ವಿಭಾಗದಲ್ಲಿ ಒಂದೊಂದೇ ಕಾಯಿ ಕೊಟ್ಟು, ಮಣೆ ಮೇಲೆ ನಕ್ಷತ್ರ ಇಟ್ಟು, ಅದನ್ನು ಹಿಡಿಯಲು ಹೇಳುತ್ತಾರೆ. ಮಕ್ಕಳ ಆಟದ ಹಾಗೆ ಕಾಣುತ್ತದೆ. ದೊಡ್ಡವರೂ ಅದನ್ನು ಮಾಡಬೇಕು. ಕುದುರೆಯ ಎರಡೂವರೆ ಮನೆ ನಡೆ ಕಣ್ಣಿಗೆ ಕೂರುವುದು ಓದಿ ಅಲ್ಲ, ನಡೆಸಿ ನಡೆಸಿ.

ನಿಧಾನಿಸಬೇಕಾದ ಮೂರು ಕಡೆಗಳಲ್ಲಿ ಮೊದಲನೆಯದು ಕ್ಯಾಸಲಿಂಗ್, ಅಂದರೆ ಒಂದೇ ನಡೆಯಲ್ಲಿ ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವುದು. ರಾಜನೂ ಆ ಕಡೆಯ ಆನೆಯೂ ಅದುವರೆಗೆ ಕದಲಿರಬಾರದು, ನಡುವೆ ಯಾವ ಕಾಯಿಯೂ ಇರಬಾರದು. ರಾಜನಿಗೆ ಆಗ ಚೆಕ್ (ಅವನ ಮೇಲೆ ನೇರ ದಾಳಿ) ಇರಬಾರದು, ಅವನು ದಾಟುವ ಮನೆಗೂ ಸೇರುವ ಮನೆಗೂ ಎದುರಾಳಿಯ ಕಣ್ಣು ಬಿದ್ದಿರಬಾರದು. ಸ್ಕ್ರೀನ್ ಮೇಲೆ ರಾಜನನ್ನು ಎರಡು ಮನೆ ಎಳೆದರೆ ಆನೆ ತಾನಾಗಿಯೇ ಬರುತ್ತದೆ. ಎಷ್ಟು ಎಳೆದರೂ ಬರದಿದ್ದರೆ ಆಪ್ ಕೆಟ್ಟಿಲ್ಲ, ಇವುಗಳಲ್ಲಿ ಒಂದು ಷರತ್ತು ತಪ್ಪಿದೆ.

ಎರಡನೆಯದು ಆನ್ ಪಾಸಾಂ. ನಿಮ್ಮ ಕಾಲಾಳು ಎರಡು ಮನೆ ಹಾರಿ ಎದುರಾಳಿಯ ಕಾಲಾಳಿನ ಪಕ್ಕಕ್ಕೆ ಬಂದು ನಿಂತರೆ, ಅದು ಒಂದೇ ಮನೆ ನಡೆದಿತ್ತು ಎಂದುಕೊಂಡು ಅವರು ಓರೆಯಾಗಿ ಹೊಡೆಯಬಹುದು. ಆದರೆ ತಕ್ಷಣದ ನಡೆಯಲ್ಲೇ ಹೊಡೆಯಬೇಕು. ಮೊದಲ ಸಲ ಇದು ನನ್ನ ಮೇಲೆ ನಡೆದಾಗ ಸಾಫ್ಟ್‌ವೇರ್ ತಪ್ಪು ಅಂತ ಬೈದುಕೊಂಡಿದ್ದೆ.

ಮೂರನೆಯದು ಸ್ಟೇಲ್‌ಮೇಟ್. ಗೆದ್ದೇ ಬಿಟ್ಟೆ ಅನ್ನುವ ಆಟ ಡ್ರಾ ಆಗುವುದು ಇಲ್ಲೇ. ಎದುರಾಳಿಯ ರಾಜ ಎಚ್8ರ ಮೂಲೆಯಲ್ಲಿ (ಮನೆಗಳ ಹೆಸರಿನ ಲೆಕ್ಕ ಕೆಳಗಿದೆ) ಒಬ್ಬನೇ ಇದ್ದಾನೆ ಅಂದುಕೊಳ್ಳಿ. ನೀವು ಮಂತ್ರಿಯನ್ನು ಜಿ6ಕ್ಕೆ ತಂದಿಟ್ಟರೆ ಅವನಿಗೆ ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಆಟ ಅಲ್ಲಿಗೇ ಡ್ರಾ. ಗುರುತಿಟ್ಟುಕೊಳ್ಳಲು ಸುಲಭ: ಒಂಟಿ ರಾಜ ಮೂಲೆಯಲ್ಲಿದ್ದಾಗ ಮಂತ್ರಿಯನ್ನು ಅವನಿಂದ ಕುದುರೆ ನಡೆಯಷ್ಟು ದೂರದಲ್ಲಿ ನಿಲ್ಲಿಸಬೇಡಿ.

ಕಾಯಿ ಮುಟ್ಟಿದ ಕೂಡಲೇ ಅದು ಎಲ್ಲೆಲ್ಲಿ ಹೋಗಬಹುದು ಅಂತ ಆಪ್ ಚುಕ್ಕಿ ತೋರಿಸುತ್ತದೆ. ಮೊದಲ ವಾರ ಇರಲಿ. ಆಮೇಲೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಚುಕ್ಕಿ ಇರುವವರೆಗೆ ಕಣ್ಣು ಮಣೆ ನೋಡುವುದಿಲ್ಲ, ಚುಕ್ಕಿ ನೋಡುತ್ತದೆ. ಮನೆಗಳ ಹೆಸರೂ ಬಾಯಿಗೆ ಬರಬೇಕು. ಅಡ್ಡಕ್ಕೆ ಎಯಿಂದ ಎಚ್, ಮೇಲಕ್ಕೆ 1ರಿಂದ 8. ಲಿಚೆಸ್‌ನ ಕೋಆರ್ಡಿನೇಟ್ಸ್ ಅಭ್ಯಾಸ ದಿನಕ್ಕೆ ಐದು ನಿಮಿಷ ಮಾಡಿದರೆ ಹತ್ತು ದಿನದಲ್ಲಿ ಮುಗಿಯುತ್ತದೆ.

ಯಾವ ಬಾಟ್ ಎದುರು ಆಡಬೇಕು?

1997ರ ಮೇ ತಿಂಗಳಲ್ಲಿ ಐಬಿಎಂನ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಆರು ಆಟಗಳ ಪಂದ್ಯದಲ್ಲಿ 3.5–2.5ರಿಂದ ಸೋಲಿಸಿತು. ಆ ಯಂತ್ರ ಎರಡು ದೊಡ್ಡ ಕಪಾಟಿನಷ್ಟಿತ್ತು. ಈಗ ಜೇಬಿನ ಫೋನಿನಲ್ಲಿ ಓಡುವ ಸ್ಟಾಕ್‌ಫಿಶ್ ಅನ್ನುವ ಎಂಜಿನ್ (ನಡೆ ಲೆಕ್ಕ ಹಾಕುವ ಚೆಸ್ ಪ್ರೋಗ್ರಾಂ) ಅದಕ್ಕಿಂತ ಬಲಶಾಲಿ. ಅದರ ಪೂರ್ತಿ ಬಲದ ಎದುರು ಯಾವ ಮನುಷ್ಯನೂ ನಿಲ್ಲುವುದಿಲ್ಲ. ನಾವೂ ನಿಲ್ಲುವುದಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ.

ಹಾಗಾಗಿ ಕಲಿಯುವವರಿಗಾಗಿ ಅದರ ಬಲ ಕುಗ್ಗಿಸಿ ಕೊಡುತ್ತಾರೆ. ಲಿಚೆಸ್‌ನಲ್ಲಿ 1ರಿಂದ 8ರವರೆಗೆ ಮಟ್ಟಗಳಿವೆ. 1ರಿಂದ ಶುರು ಮಾಡಿ. ಆದರೆ ಇಲ್ಲೊಂದು ಕಿರಿಕಿರಿ ಇದೆ, ಅದನ್ನು ಮೊದಲೇ ತಿಳಿದಿರಿ. ಬಲ ಕುಗ್ಗಿಸಿದ ಎಂಜಿನ್ ಮನುಷ್ಯರ ಹಾಗೆ ತಪ್ಪು ಮಾಡುವುದಿಲ್ಲ. ಏಳೆಂಟು ನಡೆ ಪಂಡಿತನ ಹಾಗೆ ಆಡಿ, ಇದ್ದಕ್ಕಿದ್ದಂತೆ ಮಂತ್ರಿಯನ್ನು ನಿಮ್ಮ ಬಾಯಿಗೆ ತಂದಿಡುತ್ತದೆ. ಬೇಕೆಂದೇ ಕೆಟ್ಟ ನಡೆ ಆರಿಸುವಂತೆ ಅದಕ್ಕೆ ಹೇಳಿರುತ್ತಾರೆ. ಹೊಸಬರು ಇದನ್ನೇ ನಂಬಿ, ಎದುರಾಳಿ ಸುಮ್ನೆ ಕಾಯಿ ಬಿಟ್ಟುಕೊಡುತ್ತಾನೆ ಅಂತ ಕಾಯುತ್ತಾ ಕೂರುತ್ತಾರೆ. ಮನುಷ್ಯರು ಹಾಗೆ ಬಿಡುವುದಿಲ್ಲ. ಅವರ ತಪ್ಪಿಗೆ ಕಾರಣ ಇರುತ್ತದೆ. ದೂರದ ಒಂಟೆ ಕಾಣುವುದಿಲ್ಲ, ಕುದುರೆ ಹಿಂದಕ್ಕೂ ಬರಬಲ್ಲದು ಎನ್ನುವುದು ಮರೆಯುತ್ತದೆ, ಹೊಡೆಯುವ ಆತುರದಲ್ಲಿ ಸ್ವಂತ ರಾಜ ನೆನಪಿರುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ಪರಿಹಾರ ಮಾಯಾ ಬಾಟ್‌ಗಳು. ಅತ್ಯುತ್ತಮ ನಡೆ ಯಾವುದು ಅಂತ ಹುಡುಕುವ ಬದಲು, ಇಂಥ ಮಟ್ಟದ ಮನುಷ್ಯ ಇಲ್ಲಿ ಏನು ಆಡುತ್ತಾನೆ ಅಂತ ಊಹಿಸಲು ಅವನ್ನು ಲಿಚೆಸ್‌ನ ಲಕ್ಷಾಂತರ ಆಟಗಳಿಂದ ತರಬೇತು ಮಾಡಿದ್ದಾರೆ. ಮಾಯಾ1, ಮಾಯಾ5, ಮಾಯಾ9 ಅಂತ ಮೂರು ಖಾತೆಗಳಿವೆ, ಕ್ರಮವಾಗಿ 1100, 1500, 1900 ರೇಟಿಂಗ್‌ನ (ಆಟದ ಬಲ ಹೇಳುವ ಅಂಕಿ) ಆಟಗಾರರ ಆಟದಿಂದ ಕಲಿತವು. ಮಾಯಾ1 ಮಾಡುವ ತಪ್ಪು ನೋಡಿ ನನಗೆ ಒಮ್ಮೊಮ್ಮೆ ಮುಜುಗರವಾಗುತ್ತದೆ, ಥೇಟ್ ನನ್ನದೇ.

ಬಾಟ್ ಎದುರು ಆಡುವಾಗ ಎರಡು ಕಟ್ಟುಪಾಡು ಹಾಕಿಕೊಳ್ಳಿ. ಮೊದಲ ಐದು ಆಟದ ನಂತರ ನಡೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಸುಳಿವು ಕೇಳುವುದಿಲ್ಲ. ಮತ್ತೆ, ನಡೆ ಒತ್ತುವ ಮೊದಲು ಒಂದು ಪ್ರಶ್ನೆ: ನಾನು ಇಲ್ಲಿ ಇಟ್ಟರೆ ಅವನು ಚೆಕ್ ಕೊಡಬಲ್ಲನೇ, ಏನನ್ನಾದರೂ ಹೊಡೆಯಬಲ್ಲನೇ? ಬಾಟ್‌ಗೆ ಬೇಸರವಿಲ್ಲ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಈ ಪ್ರಶ್ನೆ ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆ ಜೊತೆಗಾರ ಸಿಗುವುದಿಲ್ಲ. ಒಂದು ಮಟ್ಟದಲ್ಲಿ ಐದಕ್ಕೆ ಮೂರು ಆಟ ಗೆದ್ದರೆ ಮುಂದಿನದಕ್ಕೆ ಹೋಗಿ.

ಆಟದ ಕೊನೆಯಿಂದ ಕಲಿಯಿರಿ

ಕಂಪ್ಯೂಟರ್‌ನ ನಿಜವಾದ ಉಪಯೋಗ ಇರುವುದು ಇಲ್ಲಿ, ಆದರೆ ಕಲಿಯುವವರು ಇದನ್ನು ಬಿಟ್ಟೇ ಬಿಡುತ್ತಾರೆ. ಬೋರ್ಡ್ ಎಡಿಟರ್ ತೆರೆದರೆ ಬೇಕಾದ ಕಾಯಿಗಳನ್ನು ಬೇಕಾದ ಮನೆಯಲ್ಲಿಟ್ಟು, ಅಲ್ಲಿಂದಲೇ ಕಂಪ್ಯೂಟರ್ ಜೊತೆ ಆಟ ಶುರು ಮಾಡಬಹುದು. ಸೋಲುವ ಕಡೆಯನ್ನು ಅದಕ್ಕೆ ಕೊಡಿ, ಗೆಲ್ಲುವ ಕಡೆ ನೀವು ಕೂರಿ. ಇಲ್ಲಿ ಎಂಜಿನ್‌ನ ಬಲ ಪೂರ್ತಿ ಇರಲಿ. ಸೋಲುವ ರಾಜನನ್ನು ಕೊನೆವರೆಗೂ ಉಳಿಸಲು ಅದರಷ್ಟು ಹಟ ಮಾಡುವವರು ಬೇರೆ ಇಲ್ಲ.

ಎರಡು ಆನೆಯಿಂದ ಶುರು ಮಾಡಿ. ಬಿಳಿ ರಾಜ ಇ1, ಬಿಳಿ ಆನೆಗಳು ಎ4 ಮತ್ತು ಬಿ1. ಕಪ್ಪು ರಾಜ ಒಬ್ಬನೇ, ಇ5ರಲ್ಲಿ. ಎ4ರ ಆನೆ 4ನೇ ಸಾಲಿಗೆ ಬೇಲಿ ಹಾಕಿದೆ, ಕಪ್ಪು ರಾಜ ಕೆಳಗೆ ಇಳಿಯುವಂತಿಲ್ಲ. ಇನ್ನೊಂದು ಆನೆಯನ್ನು ಬಿ5ಕ್ಕೆ ತಂದು ಚೆಕ್ ಕೊಡಿ. ರಾಜ ಮೇಲೆ ಹೋಗಲೇಬೇಕು, ಡಿ6ಕ್ಕೆ ಹೋದ ಅನ್ನಿ. ಈಗ ಎ4ರ ಆನೆ ಎ6ಕ್ಕೆ ಹಾರಿ ಚೆಕ್. ಮೆಟ್ಟಿಲು ಹತ್ತಿದ ಹಾಗೆ, ಒಂದು ಆನೆ ಬೇಲಿ, ಇನ್ನೊಂದು ಏಟು.

ಪುಸ್ತಕದಲ್ಲಿ ಓದಿದಾಗ ಇಷ್ಟೇ ಅನ್ನಿಸುತ್ತದೆ. ಕಂಪ್ಯೂಟರ್ ಎದುರು ಕೂತರೆ ಕಪ್ಪು ರಾಜ ಸಿ7ಕ್ಕೆ ಬಂದು ನಿಲ್ಲುತ್ತಾನೆ. ಮೆಟ್ಟಿಲಿನ ಲೆಕ್ಕದಲ್ಲಿ ಮುಂದಿನ ನಡೆ ಆನೆ ಬಿ7. ಅಲ್ಲಿಟ್ಟರೆ ರಾಜ ಅದನ್ನು ತಿನ್ನುತ್ತಾನೆ. ನಾನು ಎರಡು ಸಲ ತಿನ್ನಿಸಿಕೊಂಡೆ. ಸರಿಯಾದ ದಾರಿ, ಬಿ5ರ ಆನೆಯನ್ನು ಅದೇ ಸಾಲಿನಲ್ಲಿ ಎಚ್5ಕ್ಕೆ ಓಡಿಸುವುದು. ರಾಜ ಬಿ7ಕ್ಕೆ ಬಂದು ಎ6ರ ಆನೆಯ ಮೇಲೆ ಕಣ್ಣು ಹಾಕಿದರೆ ಅದನ್ನೂ ಜಿ6ಕ್ಕೆ ಓಡಿಸಿ. ಈಗ ಎರಡೂ ಆನೆ ದೂರದಲ್ಲಿವೆ, ಬೇಲಿ ಹಾಗೇ ಇದೆ. ರಾಜ ಸಿ7ಕ್ಕೆ ವಾಪಸ್ ಬಂದರೆ ಆನೆ ಎಚ್7, ಚೆಕ್. ಡಿ8ಕ್ಕೆ ಹೋದರೆ ಆನೆ ಜಿ8, ಮೇಟ್, ಅಂದರೆ ಚೆಕ್‌ನಿಂದ ತಪ್ಪಿಸಿಕೊಳ್ಳಲು ರಾಜನಿಗೆ ದಾರಿಯೇ ಇಲ್ಲ, ಆಟ ಮುಗಿಯಿತು.

ಇದು ಸಲೀಸಾದ ಮೇಲೆ ರಾಜ ಮತ್ತು ಮಂತ್ರಿಯಿಂದ ಒಂಟಿ ರಾಜನಿಗೆ ಮೇಟ್. ಸ್ಟೇಲ್‌ಮೇಟ್ ಎಚ್ಚರಿಕೆ ಇಲ್ಲಿ ಬೇಕು. ಆಮೇಲೆ ರಾಜ ಮತ್ತು ಒಂದೇ ಆನೆ. ಕೊನೆಗೆ ರಾಜ ಮತ್ತು ಕಾಲಾಳು. ಇವು ನಾಲ್ಕೂ ಕೈಗೆ ಬಂದರೆ ಸಾಕು. ಮುನ್ನಡೆ ಸಿಕ್ಕ ಆಟವನ್ನು ಮುಗಿಸುವುದು ಗೊತ್ತಿಲ್ಲದವರಿಗೆ ಓಪನಿಂಗ್ (ಆಟದ ಆರಂಭದ ನಡೆಗಳು) ಪಾಠ ಹೇಳಿ ಏನು ಪ್ರಯೋಜನ, ಅಲ್ವಾ?

ಪಜಲ್: ಊಹಿಸಿ ಒತ್ತಬೇಡಿ

ದಿನಕ್ಕೆ ಹದಿನೈದು ನಿಮಿಷ. ಒಂದು ಕಾಯಿಂದ ಎರಡರ ಮೇಲೆ ಏಟು ಹಾಕುವ ಫೋರ್ಕ್, ಹಿಂದಿರುವ ದೊಡ್ಡ ಕಾಯಿಯ ಭಯಕ್ಕೆ ಮುಂದಿನದು ಕದಲಲಾಗದ ಪಿನ್, ಸ್ವಂತ ಕಾಲಾಳುಗಳ ಹಿಂದೆ ಸಿಕ್ಕಿಬಿದ್ದ ರಾಜನಿಗೆ ಕೊನೇ ಸಾಲಿನ ಮೇಟ್. ಶುರುವಿಗೆ ಈ ಮೂರು ವಿಷಯ ಆರಿಸಿಕೊಳ್ಳಿ. ಲಿಚೆಸ್‌ನಲ್ಲಿ ವಿಷಯವಾರು ಪಜಲ್‌ಗಳಿವೆ.

ಪಜಲ್‌ನಲ್ಲಿ ಒಂದು ಕೆಟ್ಟ ಚಾಳಿ ಬೇಗ ಅಂಟುತ್ತದೆ. ಹೇಗೂ ಇಲ್ಲೊಂದು ಚಮತ್ಕಾರ ಇದ್ದೇ ಇರುತ್ತದೆ ಅಂತ ಕಾಣುವ ಚೆಕ್ ಕೊಟ್ಟು ನೋಡುವುದು. ಹಸಿರು ಬಂದರೆ ಸರಿ, ಕೆಂಪು ಬಂದರೆ ಮುಂದಿನದು. ಹೀಗೆ ನೂರು ಮಾಡಿದರೂ ಏನೂ ಉಳಿಯುವುದಿಲ್ಲ. ಮೊದಲ ನಡೆ, ಅದಕ್ಕೆ ಎದುರಾಳಿಯ ಒಳ್ಳೆಯ ಉತ್ತರ, ನಮ್ಮ ಮುಂದಿನ ನಡೆ. ಇಷ್ಟು ಮನಸ್ಸಿನಲ್ಲಿ ಮುಗಿದ ಮೇಲೆ ಕಾಯಿ ಮುಟ್ಟಿ. ಗಡಿಯಾರದ ಎದುರು ಓಡುವ ಪಜಲ್ ಸ್ಟಾರ್ಮ್ ಮಜಾ ಇರುತ್ತದೆ. ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಮನುಷ್ಯರ ಎದುರು

ಎರಡು ಮೂರು ವಾರದ ನಂತರ ಬಾಟ್ ಬಿಟ್ಟು ಹೊರಗೆ ಬನ್ನಿ. ಸಮಯ ಆರಿಸುವಾಗ 15+10 ಒತ್ತಿ. ಅಂದರೆ ಇಬ್ಬರಿಗೂ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡ್ ಸೇರುತ್ತದೆ. ಒಂದು ನಿಮಿಷದ ಬುಲೆಟ್, ಮೂರು ನಿಮಿಷದ ಬ್ಲಿಟ್ಸ್ ಸದ್ಯಕ್ಕೆ ಬೇಡ. ಅಲ್ಲಿ ಓಡುವುದು ಕೈ, ತಲೆಯಲ್ಲ.

ಲಿಚೆಸ್ ಎಲ್ಲರಿಗೂ 1500 ರೇಟಿಂಗ್ ಕೊಟ್ಟು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತದೆ. ನಿಮ್ಮ ಬಲ ಇನ್ನೂ ಗೊತ್ತಿಲ್ಲ ಅಂತ ಅರ್ಥ. ಮೊದಲ ಆಟಗಳಲ್ಲಿ ಅದು ನೂರು, ಇನ್ನೂರು ಅಂತ ಧಡಧಡ ಬೀಳಬಹುದು. ಬೀಳಲಿ. ನಿಮ್ಮಂಥವರೇ ಎದುರು ಸಿಗುವಷ್ಟು ಕೆಳಗೆ ಬಂದ ಮೇಲೆ ಆಟ ಚೆನ್ನಾಗಿರುತ್ತದೆ. ಆ ಅಂಕಿ ನೋಡಿದರೆ ಹೊಟ್ಟೆ ಉರಿಯುತ್ತದೆ ಅನ್ನುವವರು ಸೆಟ್ಟಿಂಗ್‌ನಲ್ಲಿ ಅದನ್ನು ಮುಚ್ಚಬಹುದು. ನಾನು ಮುಚ್ಚಿದ್ದೇನೆ. ಎರಡು ಆಟ ಸತತ ಸೋತರೆ ಆ ದಿನ ಅಲ್ಲಿಗೆ ನಿಲ್ಲಿಸಿ. ಮೂರನೆಯದನ್ನು ಆಡುವುದು ಚೆಸ್ ಅಲ್ಲ, ಸಿಟ್ಟು.

ಓಪನಿಂಗ್ ಬಾಯಿಪಾಠ ಬೇಡ. ನಡುವಿನ ಮನೆಗಳಿಗೆ ಕಾಲಾಳು, ಕುದುರೆ ಒಂಟೆ ಹೊರಗೆ, ಬೇಗ ಕ್ಯಾಸಲಿಂಗ್. ಇಷ್ಟರಲ್ಲೇ ಮೊದಲ ಮೂರು ತಿಂಗಳು ಕಳೆಯುತ್ತದೆ. ಒಂದೇ ಒಂದು ಬಲೆ ಮಾತ್ರ ಮೊದಲೇ ತಿಳಿದಿರಲಿ, ಏಕೆಂದರೆ ಮೊದಲ ವಾರದಲ್ಲೇ ಯಾರೋ ನಿಮ್ಮ ಮೇಲೆ ಅದನ್ನು ಹಾಕುತ್ತಾರೆ. ನಿಮ್ಮದು ಕಪ್ಪು. ಬಿಳಿಯ ಒಂಟೆ ಸಿ4ಕ್ಕೆ, ಮಂತ್ರಿ ಎಚ್5ಕ್ಕೆ ಬಂದಿದೆ. ಎರಡರ ಕಣ್ಣೂ ಎಫ್7ರ ಕಾಲಾಳಿನ ಮೇಲೆ. ಗಾಬರಿಯಲ್ಲಿ ಕುದುರೆಯನ್ನು ಎಫ್6ಕ್ಕೆ ತಂದು ಮಂತ್ರಿಯನ್ನು ಓಡಿಸಲು ಹೋದರೆ ಎಫ್7ರಲ್ಲಿ ಮೇಟ್. ಇ5ರ ಕಾಲಾಳಿಗೆ ಸಿ6ರ ಕುದುರೆ ಕಾವಲಿದ್ದರೆ, ಜಿ6ಕ್ಕೆ ಕಾಲಾಳು ತಳ್ಳಿ. ಮಂತ್ರಿ ಎಫ್3ಕ್ಕೆ ಹೋಗಿ ಮತ್ತೆ ಹೆದರಿಸಿದರೆ ಆಗ ಕುದುರೆ ಎಫ್6.

ಆಟ ನಡೆಯುವಾಗ ಪಕ್ಕದಲ್ಲಿ ಎಂಜಿನ್ ತೆರೆದಿಟ್ಟುಕೊಳ್ಳುವುದು ಮೋಸ. ಸೈಟ್‌ಗಳು ಪತ್ತೆ ಹಚ್ಚುತ್ತವೆ, ಖಾತೆ ಮುಚ್ಚುತ್ತವೆ. ಮಕ್ಕಳ ಕೈಗೆ ಕೊಡುವವರು ಲಿಚೆಸ್‌ನ ಕಿಡ್ ಮೋಡ್ ಹಾಕಿ, ಆಗ ಹೊರಗಿನವರ ಚಾಟ್, ಮೆಸೇಜ್ ಯಾವುದೂ ಬರುವುದಿಲ್ಲ.

ಆಟ ಮುಗಿದ ಮೇಲಿನ ಹತ್ತು ನಿಮಿಷ

ಆಟ ಮುಗಿದ ಕೂಡಲೇ ಕಂಪ್ಯೂಟರ್ ವಿಶ್ಲೇಷಣೆ ಒತ್ತಬೇಡಿ. ಎಂಜಿನ್ ಆಫ್ ಮಾಡಿಟ್ಟು ಆಟವನ್ನು ಒಮ್ಮೆ ಮೊದಲಿಂದ ನಡೆಸಿ. ಎಲ್ಲಿ ಕೈ ತಪ್ಪಿತು ಅನ್ನಿಸಿತೋ ಆ ನಡೆಯ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಎಂಜಿನ್ ತೆರೆಯಿರಿ.

ಪಕ್ಕದಲ್ಲಿ +1.0 ಅಂತ ಬಂದರೆ ಬಿಳಿ ಹೆಚ್ಚುಕಡಿಮೆ ಒಂದು ಕಾಲಾಳಿನಷ್ಟು ಮುಂದಿದೆ, ಮೈನಸ್ ಬಂದರೆ ಕಪ್ಪು. ಒಂದು ಪ್ರಶ್ನೆ ಚಿಹ್ನೆ ತಪ್ಪು, ಎರಡು ಪ್ರಶ್ನೆ ಚಿಹ್ನೆ ದೊಡ್ಡ ತಪ್ಪು. 0.3ರ ಏರಿಳಿತಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪ್ರಶ್ನೆ ಚಿಹ್ನೆ ಬಿದ್ದ ಕಡೆ ಮಾತ್ರ ನಿಲ್ಲಿ.

ಎಂಜಿನ್ ಯಾವ ನಡೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಯಾಕೆ ಅನ್ನುವುದನ್ನು ನಾವೇ ಅದರ ಬಾಯಿಂದ ಹೊರಡಿಸಬೇಕು. ಈ ಆಟವನ್ನು ಅನಾಲಿಸಿಸ್ ಬೋರ್ಡಿನಲ್ಲಿ ಇಟ್ಟು ನೋಡಿ. ಎರಡೂ ಕಡೆ ರಾಜನ ಮುಂದಿನ ಕಾಲಾಳು, ಇ4 ಮತ್ತು ಇ5. ಬಿಳಿ ಕುದುರೆ ಎಫ್3, ಕಪ್ಪು ಕಾಲಾಳು ಡಿ6. ಬಿಳಿ ಒಂಟೆ ಸಿ4, ಕಪ್ಪು ಒಂಟೆ ಜಿ4. ಬಿಳಿಯ ಇನ್ನೊಂದು ಕುದುರೆ ಸಿ3, ಕಪ್ಪು ಕಾಲಾಳು ಜಿ6.

ಈಗ ಎಂಜಿನ್ ಹೇಳುತ್ತದೆ: ಎಫ್3ರ ಕುದುರೆಯಿಂದ ಇ5ರ ಕಾಲಾಳನ್ನು ಹೊಡಿ. ಹುಚ್ಚೇ? ಆ ಕುದುರೆ ಎದ್ದರೆ ಜಿ4ರ ಒಂಟೆ ನೇರ ಡಿ1ರ ಮಂತ್ರಿಯನ್ನು ತಿನ್ನುತ್ತದಲ್ಲ? ಇಲ್ಲೇ ನಿಲ್ಲಿಸಿ 'ಎಂಜಿನ್ ಹೇಳಿದ ಮೇಲೆ ಸರಿಯೇ ಇರಬೇಕು' ಅಂತ ಮುಂದೆ ಹೋದರೆ ಕಲಿತದ್ದು ಸೊನ್ನೆ. ನಿಮ್ಮ ಅನುಮಾನವನ್ನೇ ಮಣೆ ಮೇಲೆ ಆಡಿ. ಒಂಟೆಯಿಂದ ಮಂತ್ರಿಯನ್ನು ತಿನ್ನಿಸಿ. ಬಿಳಿ ಒಂಟೆ ಎಫ್7ರ ಕಾಲಾಳು ಹೊಡೆದು ಚೆಕ್ ಕೊಡುತ್ತದೆ. ಕಪ್ಪು ರಾಜ ಅದನ್ನು ತಿನ್ನುವಂತಿಲ್ಲ, ಇ5ರ ಕುದುರೆ ಕಾವಲಿದೆ. ಇರುವುದು ಇ7 ಒಂದೇ ಮನೆ. ಅಲ್ಲಿಗೆ ಹೋದ ಕೂಡಲೇ ಸಿ3ರ ಕುದುರೆ ಡಿ5ಕ್ಕೆ ಬಂತು, ಮೇಟ್. ಬಿಳಿಯ ಮಂತ್ರಿ ಮಣೆ ಮೇಲೆ ಇಲ್ಲ, ಎರಡು ಕುದುರೆ ಒಂದು ಒಂಟೆ ಸೇರಿ ಕೆಲಸ ಮುಗಿಸಿವೆ.

ಇನ್ನೂ ಒಂದು ಸಲ ಕೇಳಿ: ಕಪ್ಪು ಮಂತ್ರಿಯ ಆಸೆಗೆ ಬೀಳದೆ ಡಿ6ರ ಕಾಲಾಳಿನಿಂದ ಕುದುರೆಯನ್ನು ಹೊಡೆದರೆ? ಆಗ ಬಿಳಿ ಮಂತ್ರಿ ಜಿ4ರ ಒಂಟೆಯನ್ನು ತಿನ್ನುತ್ತದೆ. ಲೆಕ್ಕ ಹಾಕಿ, ಬಿಳಿಗೆ ಒಂದು ಕಾಲಾಳು ಲಾಭ. ಎಂಜಿನ್ ಇಷ್ಟನ್ನೂ ನೋಡಿಯೇ ಆ ನಡೆ ಹೇಳಿದ್ದು. 18ನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್ ಹೆಸರಿನಲ್ಲಿ ಈ ಮೇಟ್ ಪ್ರಸಿದ್ಧ. ಹೀಗೆ ಎರಡು ಸಲ 'ಆದರೆ ಹೀಗೆ ಆಡಿದರೆ?' ಅಂತ ಕೇಳಿದ ನಡೆ ಮರೆಯುವುದಿಲ್ಲ.

ಕೊನೆಯ ಸಾಧನ ಕಂಪ್ಯೂಟರ್ ಅಲ್ಲ, ಒಂದು ನೋಟ್‌ಬುಕ್. ಪ್ರತಿ ಆಟಕ್ಕೆ ಒಂದೇ ಸಾಲು, ಸೋತದ್ದಕ್ಕೆ ಕಾರಣ, ನಿಮ್ಮದೇ ಮಾತಿನಲ್ಲಿ. 'ತಪ್ಪು ಆಡಿದೆ' ಅಂತ ಬರೆದರೆ ಉಪಯೋಗವಿಲ್ಲ. 'ಬಿ2ರ ಒಂಟೆ ಎಚ್8ರವರೆಗೆ ನೋಡುತ್ತಿತ್ತು, ಕಾಣಲಿಲ್ಲ' ಅಂತ ಬರೆಯಿರಿ. ಇಪ್ಪತ್ತು ಆಟ ಆದ ಮೇಲೆ ನನ್ನ ಪುಟ ಎಣಿಸಿ ನೋಡಿದೆ. ಏಳು ಸಲ ಒಂದೇ ಕಾರಣ, ಮೂಲೆಯಿಂದ ಮೂಲೆಗೆ ನೋಡುವ ಒಂಟೆ. ಉಳಿದದ್ದು ಚಿಲ್ಲರೆ. ಆ ತಿಂಗಳು ಪಜಲ್ ವಿಷಯದಲ್ಲಿ ಬೇರೆಲ್ಲ ತೆಗೆದು ಪಿನ್ ಮತ್ತು ಉದ್ದದ ಓರೆ ದಾಳಿ ಮಾತ್ರ ಇಟ್ಟುಕೊಂಡೆ. ಮುಂದಿನ ಇಪ್ಪತ್ತು ಆಟದಲ್ಲಿ ಆ ಸಾಲು ಎರಡು ಸಲ ಬಂತು. ಅದರ ಜಾಗಕ್ಕೆ ಈಗ ಕುದುರೆ ಬಂದು ಕೂತಿದೆ, ಈ ತಿಂಗಳ ಪಜಲ್ ಫೋರ್ಕ್.